ಹವ್ಯಾಸ, ಸಂಬಳ, ಮೊಬೈಲು: ದಾವಣಗೆರೆ–ಚಿತ್ರದುರ್ಗದ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಪೇಟಿ (ಹಾರ್ಮೋನಿಯಂ) ನುಡಿಸಲು ಕಲಿಯಬೇಕು, ಊರೂರಿನ ಶಾಸನ ನೋಡಬೇಕು, ತಾರಸಿ ಮೇಲೆ ನಾಲ್ಕು ಗಿಡ ಬೆಳೆಸಬೇಕು ಎಂದುಕೊಂಡವರನ್ನು ತಡೆಯುವ ಮಾತು ಎರಡೇ: ದುಡ್ಡಿಲ್ಲ, ಹೊತ್ತಿಲ್ಲ. ಲೆಕ್ಕ ತೆಗೆದು ನೋಡಿದರೆ ಎರಡೂ ಬಹುಪಾಲು ಒಂದೇ ಕಡೆ ಸೋರುತ್ತಿರುತ್ತವೆ, ಅದು ಕೈಯಲ್ಲಿರುವ ಮೊಬೈಲು. ಇವತ್ತು ಹಣದ ಚೀಲವೂ ಅದೇ, ಗಡಿಯಾರವೂ ಅದೇ, ಮನರಂಜನೆಯೂ ಅದೇ. ಹಾಗಾಗಿ ಈ ಮೂರನ್ನು ಬಿಡಿಬಿಡಿಯಾಗಿ ಸರಿಪಡಿಸಲು ಹೋದರೆ ಕೆಲಸ ಆಗುವುದಿಲ್ಲ.

ಕ್ರಮ ಹೀಗಿರಲಿ. ಮೊದಲು ದುಡ್ಡನ್ನು ಮೊಬೈಲಿನ ಕೈಯಿಂದ ಬಿಡಿಸಿಕೊಳ್ಳಿ. ಆಮೇಲೆ ಹವ್ಯಾಸವನ್ನು ಆರಿಸಿ ಅದಕ್ಕೊಂದು ಮೊತ್ತ ಕಟ್ಟಿ. ಕೊನೆಗೆ ಹೊತ್ತನ್ನು ಬಿಡಿಸಿಕೊಳ್ಳಿ. ಈ ಕ್ರಮ ತಿರುವುಮುರುವಾದರೆ ಏನಾಗುತ್ತದೆ ಎಂಬುದು ಎಷ್ಟೋ ಮನೆಗಳ ಅಟ್ಟ ನೋಡಿದರೆ ಗೊತ್ತಾಗುತ್ತದೆ: ಕಂತಿನಲ್ಲಿ ತಂದ ಕ್ಯಾಮೆರಾ, ಗಿಟಾರು ಧೂಳು ಹಿಡಿದಿರುತ್ತವೆ, ಕಂತು ಮಾತ್ರ ಇನ್ನೂ ಕಡಿತವಾಗುತ್ತಿರುತ್ತದೆ.

ಮೂರು ತಿಂಗಳ ಲೆಕ್ಕ ಮುಂದಿಟ್ಟುಕೊಳ್ಳಿ

ಬ್ಯಾಂಕಿನ ಆಪ್‌ನಿಂದ ಹಿಂದಿನ ಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು ಮುದ್ರಿಸಿ, ಇಲ್ಲವೇ ಪಾಸ್‌ಬುಕ್ ಹಾಕಿಸಿಕೊಂಡು ಬನ್ನಿ. ಕಾಗದದ ಮೇಲೆಯೇ ಮಾಡಿ. ಪರದೆಯ ಮೇಲೆ ಬೆರಳಾಡಿಸುತ್ತ ಹೋದರೆ ಸಣ್ಣ ಮೊತ್ತಗಳು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಸಾಲಿನ ಪಕ್ಕ ಒಂದಕ್ಷರ ಬರೆಯಿರಿ: ಮನೆ ಖರ್ಚಿಗೆ ‘ಮ’, ಸಾಲ ಮತ್ತು ಕಂತಿಗೆ ‘ಸಾ’, ಖುಷಿಗೆ ‘ಖು’, ಮೊಬೈಲಿನೊಳಗೇ ಹುಟ್ಟಿ ಮೊಬೈಲಿನೊಳಗೇ ಮುಗಿದ ಖರ್ಚಿಗೆ ‘ಮೊ’. ಕೊನೆಯದರಲ್ಲಿ ಚಂದಾ, ಆಟದೊಳಗಿನ ಖರೀದಿ, ರಾತ್ರಿ ಹನ್ನೊಂದಕ್ಕೆ ಆಫರ್ ನೋಡಿ ತರಿಸಿದ ವಸ್ತು ಎಲ್ಲ ಸೇರುತ್ತವೆ.

ಇಲ್ಲೊಂದು ಕುಳಿ ಇದೆ. ಯುಪಿಐ ಲೈಟ್ (ಸಣ್ಣ ಪಾವತಿಗೆಂದು ಆಪ್‌ನೊಳಗೇ ಹಣ ತುಂಬಿಡುವ ಚೀಲ) ಬಳಸುವವರಿಗೆ ಪಾಸ್‌ಬುಕ್‌ನಲ್ಲಿ ಕಾಣುವುದು ಲೈಟ್‌ಗೆ ಹಣ ತುಂಬಿದ ಸಾಲು ಮಾತ್ರ. ಅದರಿಂದ ಎಲ್ಲೆಲ್ಲಿಗೆ ಹೋಯಿತು ಎಂಬುದು ಬ್ಯಾಂಕಿನ ಕಾಗದದಲ್ಲಿ ಇರುವುದಿಲ್ಲ. ಲೈಟ್‌ನಲ್ಲಿ ಒಮ್ಮೆಗೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಕಳಿಸಬಹುದು, ಒಟ್ಟು 5,000 ರೂಪಾಯಿ ಇಟ್ಟುಕೊಳ್ಳಬಹುದು. ಅನುಕೂಲವೇನೋ ಹೌದು, ಆದರೆ ಖರ್ಚಿನ ಹಾದಿ ಮಸುಕಾಗುತ್ತದೆ. ಲೆಕ್ಕ ಹಿಡಿತಕ್ಕೆ ಬರುವ ತನಕ, ಅಂದರೆ ಮೂರು ತಿಂಗಳು, ಲೈಟ್ ಆಫ್ ಮಾಡಿ. ಅದರಲ್ಲಿ ಉಳಿದ ಹಣ ಖಾತೆಗೇ ಮರಳುತ್ತದೆ.

ಕೂಡಿದ ಮೇಲೆ ಬಹಳ ಜನ ಮೊದಲು ಕತ್ತರಿ ಹಾಕುವುದು ಭಾನುವಾರದ ಬೆಣ್ಣೆದೋಸೆಗೆ, ಸಂಜೆಯ ಮಿರ್ಚಿ–ಮಂಡಕ್ಕಿಗೆ. ಅದು ತಪ್ಪು ಜಾಗ. ಗೆಳೆಯರ ಜೊತೆ, ಮನೆಯವರ ಜೊತೆ ಕೂತು ತಿಂದದ್ದು ನೆನಪಿರುತ್ತದೆ, ಮೊತ್ತವೂ ಗೊತ್ತಿರುತ್ತದೆ. ಏನಕ್ಕೆ ಹೋಯಿತೆಂದು ನೆನಪೇ ಬಾರದ ಸಾಲುಗಳ ಮೇಲೆ ಮೊದಲು ಕೈಯಿಡಿ.

ತಾನಾಗಿ ಕಡಿತವಾಗುವ ಹಣವನ್ನು ನಿಲ್ಲಿಸುವುದು

ಆಟೋಪೇ ಮೂರು ಕಡೆ ಅಡಗಿರುತ್ತದೆ, ಮೂರೂ ಕಡೆ ಹುಡುಕಬೇಕು.

ಮೊದಲನೆಯದು ಯುಪಿಐ ಆಪ್. ಪ್ರೊಫೈಲ್ ಚಿತ್ರ ಒತ್ತಿ, ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಎಂಬಲ್ಲಿಗೆ ಹೋಗಿ. ಚಾಲ್ತಿಯಲ್ಲಿರುವ ಪ್ರತಿಯೊಂದರ ಮೊತ್ತ, ಮುಂದಿನ ದಿನಾಂಕ ಅಲ್ಲಿ ಕಾಣುತ್ತದೆ. ಬೇಡದ್ದನ್ನು ರದ್ದು ಮಾಡಿ, ಪಿನ್ ಹಾಕಿ. ಎರಡು ಮೂರು ಯುಪಿಐ ಆಪ್ ಇದ್ದರೆ ಪ್ರತಿಯೊಂದರಲ್ಲೂ ನೋಡಿ, ಏಕೆಂದರೆ ಆಯಾ ಆಪ್‌ನಲ್ಲಿ ಒಪ್ಪಿದ್ದು ಸಾಮಾನ್ಯವಾಗಿ ಆಯಾ ಆಪ್‌ನಲ್ಲಿರುತ್ತದೆ.

ಎರಡನೆಯದು ಫೋನಿನ ಆಪ್ ಅಂಗಡಿ. ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಒತ್ತಿ, ‘ಪಾವತಿ ಮತ್ತು ಚಂದಾದಾರಿಕೆ’ಗೆ ಹೋಗಿ. ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಎಷ್ಟೋ ಜನ ವರ್ಷದ ಹಿಂದೆ ಅಳಿಸಿದ ಆಪ್‌ಗೆ ಇನ್ನೂ ಹಣ ಕೊಡುತ್ತಿರುವುದು ಇದೇ ಕಾರಣಕ್ಕೆ.

ಮೂರನೆಯದು ಡೆಬಿಟ್, ಕ್ರೆಡಿಟ್ ಕಾರ್ಡಿನ ಮೇಲೆ ಕೊಟ್ಟ ಒಪ್ಪಿಗೆ. ಇದು ಬ್ಯಾಂಕಿನ ಆಪ್‌ನಲ್ಲಿ ‘ಇ–ಮ್ಯಾಂಡೇಟ್’ ಅಥವಾ ‘ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್’ ಎಂಬಲ್ಲಿ ಸಿಗುತ್ತದೆ, ಸಿಗದಿದ್ದರೆ ಶಾಖೆಯಲ್ಲಿ ಕೇಳಿ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಲೇಬೇಕು. 15,000 ರೂಪಾಯಿವರೆಗಿನ ಮರುಕಳಿಸುವ ಪಾವತಿಗೆ ಪ್ರತಿ ಸಲ ಒಟಿಪಿ, ಪಿನ್ ಕೇಳುವುದಿಲ್ಲ. ಅಂದರೆ ಆ ಒಂದು ಸಂದೇಶವೇ ನಿಮಗಿರುವ ಎಚ್ಚರಿಕೆ. ಜಾಹೀರಾತಿನ ಸಂದೇಶಗಳ ರಾಶಿಯಲ್ಲಿ ಅದು ಮುಳುಗದಂತೆ ಬ್ಯಾಂಕಿನ ಸಂದೇಶಕ್ಕೆ ಬೇರೆ ಸದ್ದು ಇಟ್ಟುಕೊಳ್ಳಿ. ‘1 ರೂಪಾಯಿಗೆ ಏಳು ದಿನ’ ಎಂಬ ಆಹ್ವಾನ ಒಪ್ಪಿದರೆ ಅದೇ ಗಳಿಗೆಯಲ್ಲಿ ಆಟೋಪೇ ರದ್ದು ಮಾಡಿ; ಸಾಮಾನ್ಯವಾಗಿ ಆ ಏಳು ದಿನ ನಿಮ್ಮದಾಗಿಯೇ ಇರುತ್ತವೆ.

ಎರಡು ಖಾತೆ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಿದ್ದರೆ ಇದನ್ನು ಮಾಡಿ. ಸಂಬಳ ಬೀಳುವ ಖಾತೆಯನ್ನು ಯುಪಿಐನಿಂದ ತೆಗೆದುಹಾಕಿ. ಇನ್ನೊಂದು ಬ್ಯಾಂಕಿನಲ್ಲಿ ಕನಿಷ್ಠ ಮೊತ್ತದ ಕಾಟವಿಲ್ಲದ ಉಳಿತಾಯ ಖಾತೆ ತೆರೆದು, ಅದೊಂದನ್ನೇ ಯುಪಿಐಗೆ ಜೋಡಿಸಿ. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನ ಖಾತೆಯೂ ಈ ಕೆಲಸಕ್ಕೆ ಸಾಕು. ಕನಿಷ್ಠ ಮೊತ್ತ ಬೇಡದ ‘ಬೇಸಿಕ್’ ಅಂದರೆ ಮೂಲ ಉಳಿತಾಯ ಖಾತೆಯನ್ನು ಆರಿಸುವುದಾದರೆ ನೆನಪಿಡಿ: ಅದಿರುವ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇರುವಂತಿಲ್ಲ. ಆದ್ದರಿಂದಲೇ ಬೇರೆ ಬ್ಯಾಂಕು.

ತಿಂಗಳಿಗೆ 30,000 ರೂಪಾಯಿ ಕೈಗೆ ಬರುವ, ಬಾಡಿಗೆ ಮನೆಯ ಕುಟುಂಬವೊಂದರ ಉದಾಹರಣೆ ಹೀಗಿರಬಹುದು. ಬಾಡಿಗೆ 7,500. ದಿನಸಿ, ಹಾಲು, ತರಕಾರಿ, ಗ್ಯಾಸು 8,500. ಶಾಲೆಯ ಶುಲ್ಕದ ತಿಂಗಳ ಪಾಲು 3,000. ಹಬ್ಬ, ಜಾತ್ರೆ, ಮದುವೆಯ ಮುಯ್ಯಿಗೆ 1,500. ಪೆಟ್ರೋಲು, ಬೈಕ್ ರಿಪೇರಿಗೆ 2,000. ಕರೆಂಟು, ಇಂಟರ್ನೆಟ್ಟು, ರೀಚಾರ್ಜಿಗೆ 1,500. ಆರ್‌ಡಿ (ತಿಂಗಳಿಗಿಷ್ಟು ಎಂದು ಕಟ್ಟುವ ಠೇವಣಿ) 3,000. ಔಷಧಿ, ಆಸ್ಪತ್ರೆಗೆಂದು ಎತ್ತಿಡುವುದು 1,000. ಹವ್ಯಾಸ 1,000. ಕೈಖರ್ಚು 1,000.

ಇದರಲ್ಲಿ ದಿನಸಿ, ಪೆಟ್ರೋಲು, ಕೈಖರ್ಚು ಸೇರಿ 11,500 ರೂಪಾಯಿ ಯುಪಿಐ ಖಾತೆಗೆ ಹೋಗಬೇಕು, ಅದೂ ವಾರವಾರ. ನಾಲ್ಕರಿಂದ ಭಾಗಿಸಬೇಡಿ, ಐದು ಸೋಮವಾರ ಬರುವ ತಿಂಗಳಲ್ಲಿ ಲೆಕ್ಕ ಮುರಿಯುತ್ತದೆ. ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿದರೆ ಸುಮಾರು 2,650 ರೂಪಾಯಿ ಸಿಗುತ್ತದೆ. ಪ್ರತಿ ಸೋಮವಾರ ಅಷ್ಟು ದಾಟಿಸಿ. ಗುರುವಾರವೇ ಖಾಲಿಯಾದರೆ ಗುರುವಾರವೇ ಗೊತ್ತಾಗುತ್ತದೆ. ತಿಂಗಳ 24ನೇ ತಾರೀಖಿನವರೆಗೆ ಕಾಯಬೇಕಿಲ್ಲ. ವಾರದ ಮಧ್ಯೆ ಸಂಬಳದ ಖಾತೆಯಿಂದ ಇನ್ನೊಂದಿಷ್ಟು ದಾಟಿಸುವ ಆಸೆ ಬರುತ್ತದೆ. ಹಾಗೆ ದಾಟಿಸಿದ ದಿನ ಕಾರಣವನ್ನು ಕ್ಯಾಲೆಂಡರಿನ ಚೌಕದಲ್ಲಿ ಎರಡು ಪದದಲ್ಲಿ ಬರೆಯಿರಿ. ಒಂದೇ ಕಾರಣ ಮೂರು ಸಲ ಬಂದರೆ ಅದು ನಿಮ್ಮ ಅಂಕೆಯ ತಪ್ಪು, ನಿಮ್ಮ ದುಂದುಗಾರಿಕೆಯಲ್ಲ. ಅಂಕೆ ತಿದ್ದಿ.

ಬಾಡಿಗೆ, ಆರ್‌ಡಿ, ಎತ್ತಿಡುವ ಹಣ ಸಂಬಳದ ಖಾತೆಯಿಂದಲೇ ಹೋಗಲಿ. ಕಡಿತದ ದಿನವನ್ನು ಸಂಬಳದ ಮರುದಿನಕ್ಕೇ ಇಡಬೇಡಿ. ಸಂಬಳ ಒಂದು ದಿನ ತಡವಾದರೂ ಕಂತು ತಪ್ಪಿ ದಂಡ ಬೀಳಬಹುದು. ನಾಲ್ಕೈದು ದಿನದ ಅಂತರ ಬೇಕು.

ಹಬ್ಬ–ಜಾತ್ರೆಯ ಪಾಲಿನ ಬಗ್ಗೆ ಒಂದು ಮಾತು. ದಾವಣಗೆರೆಯಲ್ಲಿ ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬೀಗರು ನೆಂಟರೆಲ್ಲ ಬರುತ್ತಾರೆ, ಬಟ್ಟೆಬರೆ, ಊಟ ಎಂದು ಖರ್ಚು ಒಮ್ಮೆಲೇ ಮೇಲೆ ಬೀಳುತ್ತದೆ. ಜಾತ್ರೆಗೆ 12,000 ರೂಪಾಯಿ ಖರ್ಚು ಮಾಡುವ ಮನೆ 24 ತಿಂಗಳು 500ರಂತೆ ಇಟ್ಟರೆ ಯಾರ ಹತ್ತಿರವೂ ಕೈಸಾಲ ಕೇಳಬೇಕಾಗುವುದಿಲ್ಲ. ಹವ್ಯಾಸದ ಹಣ ಮೊದಲು ಬಲಿಯಾಗುವುದು ಇಂಥ ಮೊದಲೇ ಗೊತ್ತಿದ್ದ ಖರ್ಚಿಗೇ. ಜಾತ್ರೆಯ ದಿನಾಂಕ ಬದಲಾದೀತು, ಜಾತ್ರೆ ತಪ್ಪದು.

ಉಳಿತಾಯ ಎಲ್ಲಿಡಬೇಕು? ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಐದು ವರ್ಷದ್ದು. ಮೂರು ವರ್ಷಕ್ಕೆ ಮೊದಲು ಮುಚ್ಚಲು ಆಗುವುದಿಲ್ಲ. ಮಕ್ಕಳ ಓದಿಗೆ ಅದು ಸರಿ, ಮುಂದಿನ ವರ್ಷ ಕೊಳ್ಳಬೇಕಾದ ಪೇಟಿಗೆ ಸರಿಯಲ್ಲ. ಅದಕ್ಕೆ ಬ್ಯಾಂಕಿನ ಒಂದು ವರ್ಷದ ಆರ್‌ಡಿ ಇರಲಿ. ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಫಲಕದ ಮೇಲೆ ‘ಬ್ಯಾಂಕ್’ ಎಂದಿದೆಯೋ ‘ಸಂಘ’ ಎಂದಿದೆಯೋ ನೋಡಿ, ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಗೆ ಇಡೀ ಉಳಿತಾಯವನ್ನು ಒಂದೇ ಕಡೆ ಸುರಿಯಬೇಡಿ. ಚೀಟಿ ಹಾಕುವವರು ನೋಂದಣಿಯಾದ ಚೀಟಿಗೇ ಹಾಕಿ. ಕಾಯ್ದೆಯ ಪ್ರಕಾರ ಚೀಟಿ ನಡೆಸುವವರ ಕಮಿಷನ್ 7 ಪರ್ಸೆಂಟ್ ಮೀರುವಂತಿಲ್ಲ.

ತಿಂಗಳ ಸಂಬಳ ಇಲ್ಲದವರಿಗೆ

ಮೆಕ್ಕೆಜೋಳ, ಭತ್ತ, ಚನ್ನಗಿರಿ ಕಡೆಯ ಅಡಿಕೆ, ಚಳ್ಳಕೆರೆ ಕಡೆಯ ಶೇಂಗಾ, ಯಾವ ಬೆಳೆಯೇ ಆಗಲಿ, ಹಣ ಬರುವುದು ಒಂದೇ ಗಂಟಿನಲ್ಲಿ. ಮಾಲು ಮಾರಿದ ವಾರದಲ್ಲಿ ದೊಡ್ಡ ಮೊತ್ತ ಕಂಡಾಗಲೇ ಹೊಸ ಫೋನು, ಹೊಸ ಬೈಕು ಮನೆಗೆ ಬರುತ್ತವೆ. ಬೇಸಿಗೆಯಲ್ಲಿ ಕೈಸಾಲ ಶುರುವಾಗುತ್ತದೆ. ಇದಕ್ಕೆ ದಾರಿ, ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳುವುದು.

ಬೆಳೆ ಸಾಲ ತೀರಿಸಿ, ಕೂಲಿ ಬಾಡಿಗೆ ಕಳೆದು 2,40,000 ರೂಪಾಯಿ ಉಳಿಯಿತು ಎಂದುಕೊಳ್ಳಿ. 60,000 ಮುಂದಿನ ಬಿತ್ತನೆಗೆ ಬೇರೆ. ಉಳಿದ 1,80,000 ಅಂದರೆ ತಿಂಗಳಿಗೆ 15,000. ಅದನ್ನು 45,000ದ ನಾಲ್ಕು ಪಾಲು ಮಾಡಿ: ಒಂದು ಉಳಿತಾಯ ಖಾತೆಯಲ್ಲಿ, ಉಳಿದ ಮೂರು 3, 6, 9 ತಿಂಗಳ ಮುದ್ದತಿ ಠೇವಣಿಯಲ್ಲಿ. ಒಂದು ಪಾಲು ಮುಗಿಯುವ ಹೊತ್ತಿಗೆ ಮುಂದಿನದು ಕೈಗೆ ಬರುತ್ತದೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲ ಇದ್ದರೆ ಗಡುವಿನ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪಗೆ ಬರೆಯಿರಿ. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ.

ಅಂಗಡಿಯವರಿಗೆ ಇನ್ನೂ ಸುಲಭ. ಅಂಗಡಿಯ ಕ್ಯೂಆರ್ ಅಂಗಡಿಯ ಖಾತೆಗೆ ಮಾತ್ರ ಇರಲಿ, ಮನೆಗೆ ದಿನಕ್ಕಿಷ್ಟು ಎಂದು ನಿಗದಿ ಮಾಡಿ ದಾಟಿಸಿ. ಗಲ್ಲಾಪೆಟ್ಟಿಗೆಯಿಂದ ತೆಗೆದು ಮನೆಗೆ ತರಕಾರಿ ತರುವ ಅಭ್ಯಾಸ ಇರುವವರೆಗೆ ಲಾಭ ಎಷ್ಟೆಂದು ಗೊತ್ತಾಗುವುದೇ ಇಲ್ಲ.

ಹವ್ಯಾಸ: ಮೊದಲು ಎರವಲು, ಆಮೇಲೆ ಹಳೆಯದು, ಕೊನೆಗೆ ಹೊಸದು

ಪ್ರತಿ ಹವ್ಯಾಸಕ್ಕೂ ಮೂರು ಖರ್ಚು ಇವೆ: ಕೊಳ್ಳುವ ಖರ್ಚು, ನಡೆಸುವ ಖರ್ಚು, ಸುಸ್ಥಿತಿಯಲ್ಲಿಡುವ ಖರ್ಚು. ಅಂಗಡಿಯವರು ಹೇಳುವುದು ಮೊದಲನೆಯದನ್ನು ಮಾತ್ರ. ತಿಂಗಳ 1,000 ರೂಪಾಯಿಯಲ್ಲಿ 500 ಒಂದು ವರ್ಷದ ಆರ್‌ಡಿಗೆ ಹೋಗಲಿ, 500 ಬಸ್ಸು, ಪಾಠ, ಬಿಡಿಭಾಗಕ್ಕೆ ಇರಲಿ. ವರ್ಷದ ಕೊನೆಗೆ 6,000 ರೂಪಾಯಿ ಮತ್ತು ಬಡ್ಡಿ ಕೈಗೆ ಬಂದಾಗ ಆ ಹವ್ಯಾಸ ಇನ್ನೂ ಉಳಿದಿದ್ದರೆ ಸಲಕರಣೆ ಕೊಳ್ಳಿ. ಒಂದು ವರ್ಷ ಉಳಿಯದ ಆಸಕ್ತಿಗೆ ಸಲಕರಣೆ ಬೇಕಾಗಿಯೇ ಇರಲಿಲ್ಲ.

ಈ ಸೀಮೆಯಲ್ಲಿ ಬಹುತೇಕ ಪುಕ್ಕಟೆಯಾಗಿ ಸಿಗುವ, ಮೊಬೈಲು ನಿಜಕ್ಕೂ ಉಪಯೋಗಕ್ಕೆ ಬರುವ ಹವ್ಯಾಸವೆಂದರೆ ಶಾಸನ, ವೀರಗಲ್ಲು, ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು) ನೋಡುವುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಿರು ಶಾಸನಗಳಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಹರಿಹರದ ಹರಿಹರೇಶ್ವರ ದೇವಾಲಯವನ್ನು 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನಗಳನ್ನು ನೋಡಲು ಒಂದು ದಿನ ಸಾಲದು. ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಚಿತ್ರದುರ್ಗದಲ್ಲೇ ಇದ್ದುದರಿಂದ ಎರಡೂ ಕಡೆಯ ಬಹುಪಾಲು ಹಳೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿವೆ; ಆಗ ಶಿವಮೊಗ್ಗಕ್ಕೆ ಸೇರಿದ್ದ ಚನ್ನಗಿರಿ, ಹೊನ್ನಾಳಿ ಕಡೆಯವು 7ನೇ ಸಂಪುಟದಲ್ಲಿವೆ. ಇವುಗಳ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ವೈಫೈ ಇರುವಾಗಲೇ ಇಳಿಸಿಕೊಂಡು, ತಾಲ್ಲೂಕು ನೋಡಿ, ಹೋಗುವ ಊರಿನ ಪುಟಗಳನ್ನು ಮಾತ್ರ ಮುದ್ರಿಸಿಕೊಳ್ಳಿ.

ಅಕ್ಷರ ಕಾಣುವಂತೆ ಫೋಟೊ ತೆಗೆಯುವ ಬಗೆ ಇದು. ನಡುಹಗಲಿನ ನೆತ್ತಿಯ ಬೆಳಕಿನಲ್ಲಿ ಕಲ್ಲು ಚಪ್ಪಟೆಯಾಗಿ ಕಾಣುತ್ತದೆ, ಸವೆದ ಅಕ್ಷರ ಮಾಯವಾಗುತ್ತದೆ. ಬೆಳಿಗ್ಗೆ ಏಳರ ಒಳಗೆ ಅಥವಾ ಸಂಜೆ ಐದೂವರೆಯ ಮೇಲೆ, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಾಗ ಹೋಗಿ. ನೆರಳಿನಲ್ಲಿರುವ ಕಲ್ಲಾದರೆ ಇನ್ನೊಬ್ಬರು ಟಾರ್ಚನ್ನು ಕಲ್ಲಿಗೆ ಹೆಚ್ಚು ಕಡಿಮೆ ಒರಗಿಸಿದಂತೆ ಪಕ್ಕದಿಂದ ಹಿಡಿಯಲಿ. ನೀವು ಎದುರಿಗೆ ನೇರವಾಗಿ ನಿಂತು, ಫ್ಲ್ಯಾಶ್ ಆಫ್ ಮಾಡಿ ತೆಗೆಯಿರಿ. ಮೊದಲು ಇಡೀ ಕಲ್ಲು, ಆಮೇಲೆ ಮೇಲಿಂದ ಕೆಳಕ್ಕೆ ನಾಲ್ಕೈದು ಸಾಲಿನ ತುಂಡುಗಳು, ಪ್ರತಿ ಚಿತ್ರದಲ್ಲೂ ಹಿಂದಿನದರ ಒಂದು ಸಾಲು ಮತ್ತೆ ಬರುವಂತೆ. ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹಿಡಿದು ಎರಡು ಸರಣಿ ತೆಗೆಯಿರಿ; ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಎದ್ದು ಬರುತ್ತದೆ. ಸುಣ್ಣ, ಹಿಟ್ಟು, ಸೀಮೆಸುಣ್ಣ, ಎಣ್ಣೆ ಯಾವುದನ್ನೂ ಕಲ್ಲಿಗೆ ಹಚ್ಚಬೇಡಿ. ರಂಧ್ರಗಳಲ್ಲಿ ಉಳಿದು ಕಲ್ಲನ್ನು ಹಾಳು ಮಾಡುತ್ತದೆ, ಮುಂದೆ ಓದುವವರಿಗೆ ಇಲ್ಲದ ಅಕ್ಷರ ಕಾಣುವಂತೆಯೂ ಮಾಡುತ್ತದೆ. ಕಲ್ಲು ಯಾರದೋ ಹೊಲದಲ್ಲೋ ಗುಡಿಯಲ್ಲೋ ಇದ್ದರೆ ಕೇಳಿಕೊಂಡೇ ಹೋಗಿ. ಊರ ಹಿರಿಯರನ್ನು ‘ಅಜ್ಜಾ, ಇಲ್ಲಿ ಹಳೇ ಕಲ್ಲು ಯಾವ ಕಡೆ ಐತಿ’ ಎಂದು ವಿಚಾರಿಸಿದರೆ ಪುಸ್ತಕದಲ್ಲಿಲ್ಲದ ಇನ್ನೊಂದು ಕಲ್ಲೂ ಸಿಗಬಹುದು.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಹಾಗಾಗಿ ಹರಿಹರಕ್ಕೋ, ಸಂತೆಬೆನ್ನೂರಿನ ಪುಷ್ಕರಣಿಗೋ, ದುರ್ಗದ ಕೋಟೆಗೋ ಹೋಗಿಬರುವ ಖರ್ಚು ಬುತ್ತಿಯಷ್ಟೇ. ಆಧಾರ್ ಅಥವಾ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಲಿ.

ಪೇಟಿಯ ವಿಷಯ ಬೇರೆ. ವೃತ್ತಿ ನಾಟಕ ಕಂಪನಿಗಳ ಊರು ದಾವಣಗೆರೆ. ಇಲ್ಲಿ ಭಜನಾ ಮಂಡಳಿಗಳಲ್ಲಿ, ಕಲಾವಿದರ ಮನೆಗಳಲ್ಲಿ ಹಳೆಯ ಹಾರ್ಮೋನಿಯಂ ಹುಡುಕಿದರೆ ಸಿಗುತ್ತವೆ. ಮೊದಲ ಮೂರು ತಿಂಗಳು ಗುರುಗಳ ಪೇಟಿಯಲ್ಲೇ ಕಲಿಯಿರಿ. ಮನೆಯಲ್ಲಿ ಶ್ರುತಿ ಹಿಡಿಯಲು ಉಚಿತ ತಂಬೂರಿ ಆಪ್ ಸಾಕು. ಹಳೆಯ ಪೇಟಿ ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಎಡೆಬಿಡದೆ ಶ್ರುತಿ ಕೊಡುವ ಡ್ರೋನ್ ಸ್ಟಾಪರ್‌ಗಳನ್ನು ಮುಚ್ಚಿ, ಉಳಿದ ಸ್ಟಾಪರ್ (ಗಾಳಿ ಬಿಡುವ ಗುಬುಟು) ಎಳೆದು, ಯಾವ ಮನೆಯನ್ನೂ (ಬೆರಳಿಡುವ ಪಟ್ಟಿ) ಒತ್ತದೆ, ತಿದಿಯನ್ನು ನಾಲ್ಕೈದು ಸಲ ಒತ್ತಿ ಬಿಡಿ. ಗಾಳಿ ಒಳಗೇ ನಿಲ್ಲಬೇಕು. ಕೈ ತೆಗೆದ ಕೂಡಲೇ ಒಳತಿದಿ ಕುಸಿದರೆ ಸೋರಿಕೆ ಇದೆ: ತಿದಿಯ ಮಡಿಕೆ ಹರಿದಿದೆ ಅಥವಾ ಮನೆಗಳ ಕೆಳಗಿನ ಚರ್ಮ ಒಣಗಿದೆ. ಏನೂ ಒತ್ತದೆಯೇ ಸದ್ದು ಬಂದರೆ ಯಾವುದೋ ಮನೆ ಪೂರ್ತಿ ಮುಚ್ಚುತ್ತಿಲ್ಲ, ಸ್ಪ್ರಿಂಗ್ ಸಡಿಲಾಗಿದೆ. ಆಮೇಲೆ ಒಂದೊಂದೇ ಮನೆ ಒತ್ತಿ, ಮೆಲ್ಲಗೆ ಗಾಳಿ ಕೊಟ್ಟು ಕೇಳಿ. ತಡವಾಗಿ ಮಾತಾಡುವ, ಕರಕರ ಎನ್ನುವ ರೀಡಿನಲ್ಲಿ (ಗಾಳಿಗೆ ಅದುರಿ ಸ್ವರ ಕೊಡುವ ತಗಡು) ಸಾಮಾನ್ಯವಾಗಿ ಧೂಳಿರುತ್ತದೆ, ಅದು ಸರಿಹೋಗುತ್ತದೆ. ಬಿರುಕು ಬಿಟ್ಟ ಹಿತ್ತಾಳೆ ರೀಡು ಸರಿಹೋಗುವುದಿಲ್ಲ, ಬದಲಿಸಬೇಕು. ಆಪ್‌ನ ಟ್ಯೂನರ್ ತೆರೆದಿಟ್ಟು ಸ್ವರ ಎಷ್ಟು ಸರಿದಿದೆ ನೋಡಿ, ರಿಪೇರಿ ಮಾಡುವವರನ್ನು ಕೇಳಿ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಮನೆಗೆ ತಂದ ಮೇಲೆ ಮುಚ್ಚಳ ಹಾಕಿಯೇ ಇಡಿ. ತಿದಿಯನ್ನು ಕಡಿಯುವ ಇಲಿಯೇ ಪೇಟಿಯ ದೊಡ್ಡ ಶತ್ರು.

ಹಕ್ಕಿ ನೋಡುವವರಿಗೆ ಕುಂದವಾಡ ಕೆರೆ, ಜೋಗಿಮಟ್ಟಿ ಇವೆ. ಚಳಿಗಾಲದಲ್ಲಿ ಶುರುಮಾಡಿ, ವಲಸೆ ಹಕ್ಕಿಗಳು ಬಂದಿರುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಯನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. ದನಿ, ಚಿತ್ರದಿಂದ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆಪ್ ಉಚಿತ. ದುರ್ಬೀನು ಕೊಳ್ಳುವಾಗ 8×42 ಎಂದು ಕೇಳಿ. ಎಂಟು ಪಟ್ಟು ದೊಡ್ಡದು, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್; 42ನ್ನು 8ರಿಂದ ಭಾಗಿಸಿದರೆ ಬರುವ ಐದು ಚಿಲ್ಲರೆ ಮಿಲಿಮೀಟರಿನಷ್ಟು ಅಗಲದ ಬೆಳಕು ಕಣ್ಣಿಗೆ ಬರುತ್ತದೆ, ಮುಂಜಾನೆಗೆ ಅದು ಬೇಕು. ‘20 ಪಟ್ಟು’, ‘ಜೂಮ್’ ಎಂದು ಅಗ್ಗಕ್ಕೆ ಮಾರುವುದನ್ನು ಮುಟ್ಟಬೇಡಿ. ಕೈಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಹಕ್ಕಿ ನಿಲ್ಲುವುದೇ ಇಲ್ಲ.

ಕಂತು

ಹವ್ಯಾಸಕ್ಕೆ ಕಂತು ಬೇಡ, ಸೊನ್ನೆ ಬಡ್ಡಿಯದೂ ಬೇಡ. ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ಬೆಲೆಯಲ್ಲಿ ಇಳಿಸಿ ತೋರಿಸುತ್ತಾರೆ. ಆದರೆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೆ. 12,000 ರೂಪಾಯಿಯ ವಸ್ತುವಿಗೆ 6 ತಿಂಗಳ ಕಂತು, 15 ಪರ್ಸೆಂಟ್ ಬಡ್ಡಿ, 199 ರೂಪಾಯಿ ಶುಲ್ಕ (ಅದರ ಮೇಲೂ ಜಿಎಸ್‌ಟಿ) ಎಂದಾದರೆ ಸುಮಾರು 325 ರೂಪಾಯಿ ಹೆಚ್ಚು ಹೋಗುತ್ತದೆ. ನಗದಿಗೆ ಸಿಗಬಹುದಾಗಿದ್ದ ರಿಯಾಯಿತಿ ತಪ್ಪುವುದು ಬೇರೆ.

ಕ್ರೆಡಿಟ್ ಕಾರ್ಡಿನ ‘ಕನಿಷ್ಠ ಮೊತ್ತ’ ಇನ್ನೂ ಕೆಟ್ಟದ್ದು. 20,000 ರೂಪಾಯಿ ಬಾಕಿಗೆ ತಿಂಗಳಿಗೆ 3.5 ಪರ್ಸೆಂಟ್ ಎಂದರೆ 700 ಬಡ್ಡಿ, ಅದಕ್ಕೆ 126 ಜಿಎಸ್‌ಟಿ. 1,000 ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 174 ರೂಪಾಯಿ. ಈಗಾಗಲೇ ಇಂಥ ಬಾಕಿ ಇದ್ದವರು ಆರ್‌ಡಿ, ಹವ್ಯಾಸದ ನಿಧಿ ಎರಡನ್ನೂ ನಿಲ್ಲಿಸಿ ಮೊದಲು ಅದನ್ನು ತೀರಿಸಿ. ಯಾವ ಠೇವಣಿಯೂ ತಿಂಗಳಿಗೆ 3.5 ಪರ್ಸೆಂಟ್ ಕೊಡುವುದಿಲ್ಲ. ಆ ತಿಂಗಳುಗಳಲ್ಲಿ ಶಾಸನ, ಹಕ್ಕಿ, ಗ್ರಂಥಾಲಯದಂಥ ಖರ್ಚಿಲ್ಲದ ಹವ್ಯಾಸಗಳನ್ನು ಬಿಡಬೇಡಿ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವವೂ ಉಚಿತ.

ಹೊತ್ತು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ತೆರೆದರೆ ಯಾವ ಆಪ್‌ನಲ್ಲಿ ಎಷ್ಟು ಹೊತ್ತು ಎಂದು ಕಾಣುತ್ತದೆ. ಒಂದು ವಾರ ಏನೂ ಬದಲಿಸದೆ ಬರೆದಿಡಿ. ದಿನಕ್ಕೆ 45 ನಿಮಿಷ ಕಿರುವಿಡಿಯೊ ನೋಡಿದರೆ ತಿಂಗಳಿಗೆ 22 ಗಂಟೆಯ ಮೇಲಾಯಿತು. ಪೇಟಿಯಲ್ಲಿ ಮೊದಲ ಪಾಠಗಳಾದ ಸರಳೆ, ಅಲಂಕಾರ ಕೈಗೆ ಹತ್ತಲು ಅಷ್ಟು ಹೊತ್ತು ದೊಡ್ಡದೇ.

ಆಮೇಲೆ ಆಪ್ ಟೈಮರ್ ಹಾಕಿ. ಆದರೆ ಟೈಮರನ್ನು ನೀವೇ ತೆಗೆಯಬಹುದಾದ್ದರಿಂದ ಹತ್ತನೇ ದಿನಕ್ಕೆ ಅದು ಸೋಲುತ್ತದೆ. ಅದಕ್ಕಿಂತ ಗಟ್ಟಿಯಾದದ್ದು, ಹೆಚ್ಚು ಹೊತ್ತು ತಿನ್ನುವ ಒಂದು ಆಪನ್ನು ಅಳಿಸಿ, ಬೇಕಾದಾಗ ಬ್ರೌಸರಿನಲ್ಲಿ ಪಾಸ್‌ವರ್ಡ್ ಹಾಕಿ ನೋಡುವುದು. ಆ ಅರ್ಧ ನಿಮಿಷದ ತೊಡಕೇ ಹೆಚ್ಚಿನ ಸಲ ಸಾಕಾಗುತ್ತದೆ. ಐಫೋನಿನಲ್ಲಿ ಸ್ಕ್ರೀನ್ ಟೈಮಿನ ಪಾಸ್‌ಕೋಡನ್ನು ಮನೆಯ ಇನ್ನೊಬ್ಬರು ಇಡಲಿ. ಬ್ಯಾಂಕು, ಕರೆ, ಮನೆಯವರ ಸಂದೇಶ ಬಿಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ, ಖರೀದಿ ಆಪ್‌ಗಳದ್ದು ಮೊದಲು. ಯೂಟ್ಯೂಬಿನಲ್ಲಿ ಆಟೋಪ್ಲೇ ಆಫ್ ಮಾಡಿ. ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡಿ, ಅಲಾರಂಗೆ ಪುಟ್ಟ ಗಡಿಯಾರ ತನ್ನಿ.

ಹವ್ಯಾಸದ ಹೊತ್ತನ್ನು ‘ಬಿಡುವಾದಾಗ’ ಎಂದು ಇಡಬೇಡಿ, ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಅಂಟಿಸಿ: ಬೆಳಗಿನ ಹಾಲು ಕಾಯಿಸಿದ ಮೇಲೆ 30 ನಿಮಿಷ, ಅಥವಾ ಮಕ್ಕಳ ಹೋಮ್‌ವರ್ಕ್ ಮುಗಿದ ಮೇಲೆ. ಪಾಠದ ವಿಡಿಯೊ ಬೇಕಿದ್ದರೆ ಮೊದಲೇ ಇಳಿಸಿಟ್ಟು, ಏರೋಪ್ಲೇನ್ ಮೋಡ್ ಹಾಕಿ ನೋಡಿ. ಹವ್ಯಾಸದ ವಿಡಿಯೊ ನೋಡುವುದು ಹವ್ಯಾಸವಲ್ಲ ಎಂಬುದನ್ನು ಲೆಕ್ಕದಲ್ಲಿಡಿ; ಹತ್ತು ನಿಮಿಷ ನೋಡಿದ್ದಕ್ಕೆ ಇಪ್ಪತ್ತು ನಿಮಿಷ ಮಾಡಬೇಕು.

ಫೋಟೊ ಹವ್ಯಾಸದವರಿಗೆ ಜಾಗದ ಖರ್ಚು ಸದ್ದಿಲ್ಲದೆ ಏರುತ್ತದೆ. ಗೂಗಲ್ ಕೊಡುವ ಉಚಿತ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೊ ಮೂರೂ ಹಂಚಿಕೊಳ್ಳುತ್ತವೆ. ತಿಂಗಳ ಚಂದಾ ಕಟ್ಟುವ ಮುನ್ನ ವಾಟ್ಸಾಪಿನ ಶುಭೋದಯದ ಚಿತ್ರ, ವಿಡಿಯೊಗಳನ್ನು ಅಳಿಸಿ ನೋಡಿ. ಒಳ್ಳೆಯ ಚಿತ್ರಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರಲಿ, ಒಂದೇ ಕಡೆ ಬೇಡ.

ಮನೆಯೊಳಗಿನ ನ್ಯಾಯ

ಗಂಡನ ಕ್ರಿಕೆಟ್ ಬ್ಯಾಟು ಹವ್ಯಾಸ, ಹೆಂಡತಿಯ ಹೊಲಿಗೆ, ಕಸೂತಿ ‘ಮನೆಗೆಲಸ’ ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಈ ಇಡೀ ಯೋಜನೆ ಕೆಡುತ್ತದೆ, ಕೆಡಲೂ ಬೇಕು. ಹವ್ಯಾಸದ ಹಣ 1,000 ಇದ್ದರೆ 500–500. ಅವರವರ ಪಾಲು ಅವರವರದೇ ಖಾತೆಯಲ್ಲಿ. ಗೃಹಲಕ್ಷ್ಮಿಯ 2,000 ರೂಪಾಯಿ ದಿನಸಿಗೇ ಕರಗುತ್ತಿದ್ದರೆ, ಅದರಲ್ಲಿ ಒಂದು ಪಾಲಾದರೂ ಹೆಂಡತಿಯ ಇಷ್ಟಕ್ಕೆ ಮೀಸಲೆಂದು ಇಬ್ಬರೂ ಕೂತು ಗೊತ್ತು ಮಾಡಿ. ಹೊತ್ತಿಗೂ ಇದೇ ಮಾತು: ಒಬ್ಬರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೆರೆಗೆ ಹೋದರೆ, ಸಂಜೆ ಎರಡು ಗಂಟೆ ಇನ್ನೊಬ್ಬರಿಗೆ, ಆಗ ಒಲೆಯೂ ಮಕ್ಕಳೂ ಮೊದಲನೆಯವರ ಪಾಲು.

ಮೋಸ

ಹಳೆಯ ಸಲಕರಣೆ ಮಾರುವಾಗ, ಕೊಳ್ಳುವಾಗ ಮೋಸ ಹೆಚ್ಚು. ನಿಯಮ ಒಂದೇ: ಹಣ ಬರಲು ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ‘ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಅಡ್ವಾನ್ಸ್ ಕಳಿಸಿ’ ಎನ್ನುವವರಿಗೆ ವಸ್ತು ಕಣ್ಣಾರೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ. ಈಗಲೂ ಲಿಂಕ್ ಕಳಿಸುವವರ ಬಳಿ ಕಳೆದುಕೊಂಡ ಹಣ ವಾಪಸ್ ಬರುವ ದಾರಿ ಕಷ್ಟ.

ಹಣ ಹೋಯಿತೆಂದರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಬೇಕಾದ್ದರಿಂದ ಮೊದಲ ಗಂಟೆ ಮುಖ್ಯ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೋದ ಹಣಕ್ಕೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ. ಒಟಿಪಿ, ಪಿನ್ ನೀವೇ ಹೇಳಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ನಾಚಿಕೆಪಟ್ಟು ಒಂದು ರಾತ್ರಿಯೂ ಕಾಯಬೇಡಿ. ಯುಪಿಐಗೆ ಜೋಡಿಸಿದ ಖಾತೆಯಲ್ಲಿ ವಾರದ ಹಣವಷ್ಟೇ ಇದ್ದರೆ ಯುಪಿಐ ಮೋಸದಲ್ಲಿ ಹೋಗುವುದೂ ಹೆಚ್ಚೆಂದರೆ ಅಷ್ಟೇ.

ತಿಂಗಳಿಗೊಮ್ಮೆ ಅರ್ಧ ಗಂಟೆ

ತಿಂಗಳ ಕೊನೆಯ ಭಾನುವಾರ ಮನೆಯವರೆಲ್ಲ ಕೂತು ನಾಲ್ಕೇ ಅಂಕೆ ಬರೆಯಿರಿ: ‘ಮೊ’ ಗುರುತಿನ ಒಟ್ಟು ಖರ್ಚು, ಹವ್ಯಾಸದ ಖರ್ಚು, ಹವ್ಯಾಸಕ್ಕೆ ಕೊಟ್ಟ ಗಂಟೆ, ಪರದೆಯ ದಿನದ ಸರಾಸರಿ. ಹವ್ಯಾಸದ ಹಣ ಉಳಿದರೆ ಅದನ್ನು ದಿನಸಿಗೆ ಬೆರೆಸಬೇಡಿ, ಮುಂದಿನ ತಿಂಗಳಿಗೆ ಒಯ್ಯಿರಿ. ಹಣ ಹೋಗಿ ಗಂಟೆ ಸೊನ್ನೆ ಇದ್ದರೆ ನೀವು ಕೊಳ್ಳುತ್ತಿದ್ದೀರಿ, ಮಾಡುತ್ತಿಲ್ಲ. ಮೂರು ತಿಂಗಳು ಹೊಸ ಖರೀದಿ ನಿಲ್ಲಿಸಿ. ಗಂಟೆಯೂ ಹಣವೂ ಎರಡೂ ಮೂರು ತಿಂಗಳು ಸೊನ್ನೆಯಾದರೆ ಸಲಕರಣೆಯನ್ನು ಮಾರಿಬಿಡಿ, ಇನ್ನೂ ಬೆಲೆ ಇರುವಾಗಲೇ. ಪೆಟ್ಟಿಗೆ, ಬಿಲ್ಲು, ವಾರಂಟಿ ಕಾಗದ ಜೊತೆಗಿದ್ದರೆ ಹೆಚ್ಚು ಸಿಗುತ್ತದೆ, ಆದ್ದರಿಂದ ಕೊಂಡ ದಿನವೇ ಅವನ್ನು ಒಂದು ಚೀಲಕ್ಕೆ ಹಾಕಿ ಬೀರುವಿನಲ್ಲಿಡಿ. ಬಂದ ಹಣ ಮುಂದಿನ ಹವ್ಯಾಸದ ಆರ್‌ಡಿಗೆ ಹೋಗಲಿ.